ತೂಕ ಇಳಿಸಿದವರಿಗೆ ಶಾಲು, ಹಾರ

ನಾನು ನಿವೃತ್ತಳಾದ ದಿನ ಸಹೋದ್ಯೋಗಿಗಳು ಬಣ್ಣದ ಕಾಗದದಲ್ಲಿ ಸುತ್ತಿ ಕೊಟ್ಟ ಉಡುಗೊರೆಯನ್ನು ಬಿಚ್ಚಿ ನೋಡಿದರೆ ಒಳಗೆ ತೂಕದ ಯಂತ್ರವಿತ್ತು. ಜೀವಮಾನವೆಲ್ಲ ಊರವರನ್ನು ಯಂತ್ರದ ಮೇಲೆ ಹತ್ತಿಸಿ ಇಳಿಸಿದ ನರ್ಸಿಗೆ ಇದಕ್ಕಿಂತ ತಕ್ಕ ಉಡುಗೊರೆ ಇಲ್ಲವೆಂದು ಒಬ್ಬರು ಭಾಷಣ ಮಾಡಿದರು. ನನ್ನ ಸೊಂಟದ ಕಡೆ ನೋಡಿ ಮುಸಿಮುಸಿ ನಕ್ಕವರೂ ಇದ್ದರು. ನನ್ನ ಎತ್ತರ ಐದು ಅಡಿ, ತೂಕ ಅರವತ್ತೆಂಟು ಕಿಲೋ. ಲೆಕ್ಕ ಗೊತ್ತಿರುವವರು ಹಾಕಿಕೊಳ್ಳಲಿ. ಗೊತ್ತಿಲ್ಲದವರಿಗೆ ಸ್ವಲ್ಪ ಹೊತ್ತಿನಲ್ಲಿ ಹೇಳುತ್ತೇನೆ.

ನಮ್ಮ ಬೀದಿಯ ಇಬ್ಬರು ಹುಡುಗಿಯರು ಈಗಷ್ಟೇ ನರ್ಸಿಂಗ್ ಮುಗಿಸಿ ಸರ್ಕಾರಿ ಕೆಲಸಕ್ಕೆ ಸೇರಿದ್ದಾರೆ. ಸಕ್ಕರೆ ಕಾಯಿಲೆ, ಬಿ.ಪಿ. ನೋಡುವ ವಿಭಾಗಕ್ಕೆ ಹಾಕಿದ್ದಾರಂತೆ. ಅಲ್ಲಿ ಕೆಲಸ ಕಮ್ಮಿ ಅಲ್ವಾ ಆಂಟಿ ಎಂದು ಕೇಳಿಕೊಂಡು ಬಂದರು. ಕಮ್ಮಿ ಎಂದೇ ಇಟ್ಟುಕೊಳ್ಳಿ. ಹೆರಿಗೆ ವಾರ್ಡಿನ ಕೂಗಾಟವಿಲ್ಲ, ರಕ್ತವಿಲ್ಲ. ಜನ ತಾವಾಗಿಯೇ ನಡೆದು ಬರುತ್ತಾರೆ, ಯಂತ್ರ ಹತ್ತುತ್ತಾರೆ, ಎಣ್ಣೆ ಬಿಡಿ, ಉಪ್ಪು ಬಿಡಿ ಎಂದು ನೀವು ಹೇಳುವುದಕ್ಕೆಲ್ಲ ತಲೆಯಾಡಿಸುತ್ತಾರೆ, ಗೇಟಿನ ಹೊರಗೆ ಹೋಗಿ ಬಿಸಿ ಮಿರ್ಚಿ ತಿನ್ನುತ್ತಾರೆ. ಅವರಿಂದ ನಿಮಗೆ ತೊಂದರೆಯಿಲ್ಲ. ತೊಂದರೆ ಬರುವುದು ಗೋಡೆಗೆ ಅಂಟಿಸಿದ ಪಟಗಳಿಂದ ಮತ್ತು ಅವನ್ನು ಅಂಟಿಸಲು ಹೇಳುವವರಿಂದ. ಅದನ್ನು ಆ ಹುಡುಗಿಯರಿಗೆ ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಹೇಳಿ ಮುಗಿಸಲಾಗಲಿಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ. ಆಸ್ಪತ್ರೆಯ ಹೆಸರು ಮಾತ್ರ ಕೇಳಬೇಡಿ. ಶಿಕಾರಿಪುರಕ್ಕೂ ಸೊರಬಕ್ಕೂ ನಡುವೆ ಬಸ್ಸು ನಿಲ್ಲುವ ಕಡೆಗಳಲ್ಲಿ ಒಂದು ಎಂದುಕೊಳ್ಳಿ.

ನಾನು ಮೊದಲು ಸೇರಿದ್ದು ಸೊರಬದ ಕಡೆಯ ಒಂದು ಸಣ್ಣ ಆಸ್ಪತ್ರೆಗೆ. ಆಗ ತೂಕ ನೋಡುವುದೆಂದರೆ ಕೂಸಿನದು ಮತ್ತು ಬಸುರಿಯದು. ಉಳಿದವರ ತೂಕ ಯಾರಿಗೂ ಬೇಕಿರಲಿಲ್ಲ. ಬಂದವರೆಲ್ಲ ಕೇಳುತ್ತಿದ್ದುದು ಟಾನಿಕ್ಕು. ಮದುವೆಯಾಗಿ ವರ್ಷವಾದರೂ ಸೊಸೆ ಮೈಕೈ ತುಂಬಿಕೊಂಡಿಲ್ಲ, ಬೀಗರು ಏನಂದುಕೊಂಡಾರು ಎಂದು ಅತ್ತೆಯರು ಕೈ ಹಿಡಿದು ಕರೆತರುತ್ತಿದ್ದರು. ಅಲ್ಲಿದ್ದ ಡಾಕ್ಟರು ಕಣ್ಣಳತೆಯ ಮನುಷ್ಯ. ಕೆನ್ನೆ ಉಬ್ಬಿದ್ದರೆ ಆರೋಗ್ಯ, ಒಳಗೆ ಹೋಗಿದ್ದರೆ ಟಾನಿಕ್ಕು. ಒಂದು ಮುಳ್ಳಿನ ತೂಕದ ಯಂತ್ರವೂ ಇತ್ತು. ಯಾರೂ ಹತ್ತದಿದ್ದಾಗಲೂ ಅದು ಮೂರು ಕಿಲೋ ತೋರಿಸುತ್ತಿತ್ತು. ಮೂರು ಕಳೆದು ಬರೆಯಿರಿ ಎಂದು ಡಾಕ್ಟರು ಹೇಳಿದ್ದರು. ನಾನು ಕಳೆಯುತ್ತಿದ್ದೆ, ನನ್ನ ಜೊತೆಯ ನರ್ಸು ಕೂಡಿಸುತ್ತಿದ್ದಳು. ಹೀಗಾಗಿ ನಮ್ಮಿಬ್ಬರ ಪಾಳಿ ಬದಲಾದ ದಿನ ಬಸುರಿಯರು ಒಮ್ಮೆಲೇ ಆರು ಕಿಲೋ ಏರಿ ಡಾಕ್ಟರಿಗೆ ಸಂತೋಷ ಕೊಡುತ್ತಿದ್ದರು.

ಕೊನೆಯ ಕೆಲವು ವರ್ಷ ನಾನಿದ್ದ ಆಸ್ಪತ್ರೆಗೆ ಒಬ್ಬ ಹೊಸ ಅಧಿಕಾರಿ ಬಂದರು. ಡಾಕ್ಟರಿಕೆ ಓದಿದವರೇ, ಆದರೆ ರೋಗಿಯ ನಾಡಿ ಹಿಡಿದು ಬಹಳ ವರ್ಷವಾಗಿತ್ತು. ಆಗ ಅವರು ಹಿಡಿಯುತ್ತಿದ್ದುದು ಮೈಕು. ಅವರನ್ನು ಇಲ್ಲಿ ಸಾಹೇಬರು ಎಂದಷ್ಟೇ ಕರೆಯುತ್ತೇನೆ. ಅವರು ಬಂದ ಮೇಲೆ ನಮ್ಮ ಗೋಡೆಗೆ ನಾಲ್ಕು ಬಣ್ಣದ ದೊಡ್ಡ ಪಟ ಬಂತು. ಅದರ ಹೆಸರೇ ಬಿ.ಎಂ.ಐ.

ಲೆಕ್ಕ ಕಷ್ಟದ್ದಲ್ಲ. ಎತ್ತರವನ್ನು ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಬೇಕು. ಬಂದದ್ದರಿಂದ ಕಿಲೋ ತೂಕವನ್ನು ಭಾಗಿಸಬೇಕು. ಹದಿನೆಂಟೂವರೆಗಿಂತ ಕಮ್ಮಿ ಬಂದರೆ ನೀಲಿ, ಅಂದರೆ ತೂಕ ಸಾಲದು. ಅಲ್ಲಿಂದ ಇಪ್ಪತ್ತಮೂರರೊಳಗೆ ಹಸಿರು. ಇಪ್ಪತ್ತಮೂರರಿಂದ ಇಪ್ಪತ್ತೈದರವರೆಗೆ ಹಳದಿ. ಅದರಾಚೆ ಕೆಂಪು. ಮೊದಲು ಬಂದ ಪಟದಲ್ಲಿ ಇಪ್ಪತ್ತೈದರವರೆಗೂ ಹಸಿರೇ ಇತ್ತು. ನಮ್ಮ ದೇಶದವರಿಗೆ ಸಣ್ಣ ಮೈಯಲ್ಲೇ ಹೊಟ್ಟೆಯ ಸುತ್ತ ಕೊಬ್ಬು ಕೂರುತ್ತದೆ, ಸಕ್ಕರೆ ಕಾಯಿಲೆಯೂ ಬೇಗ ಬರುತ್ತದೆ, ಆದ್ದರಿಂದ ನಮಗೆ ಗೆರೆ ಕೆಳಗಿರಬೇಕು ಎಂದು ಆಮೇಲೆ ಹೊಸ ಪಟ ಬಂತು. ಕಾರಣ ಸರಿಯಾದದ್ದೇ. ಆದರೆ ಸಾಯಂಕಾಲ ಆರೋಗ್ಯವಂತನಾಗಿ ಮನೆಗೆ ಹೋದ ನಮ್ಮ ಔಷಧಿ ಕೋಣೆಯವನು ಬೆಳಿಗ್ಗೆ ಬಂದು ನೋಡಿದರೆ ಹಳದಿಯಾಗಿದ್ದ. ರಾತ್ರಿ ಊಟ ಕೂಡ ಮಾಡಿರಲಿಲ್ಲ ಎಂದು ಪಾಪ ಗೊಣಗುತ್ತಿದ್ದ.

ಪಟ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಪಟ ಒಂದು ಪ್ರಶ್ನೆ ಕೇಳುತ್ತದೆ, ಉತ್ತರವನ್ನು ನಾವು ಹುಡುಕಬೇಕು. ಸಾಹೇಬರು ಅದನ್ನೇ ಉತ್ತರ ಎಂದುಕೊಂಡರು. ಶಿಕಾರಿಪುರದ ಕಡೆಯ ಒಬ್ಬ ಕುಸ್ತಿಯ ಹುಡುಗ ಕೈ ಉಳುಕಿತೆಂದು ಬಂದ. ತೂಕ ನೋಡಿದರೆ ಕೆಂಪು. ಸೊಂಟಕ್ಕೆ ಟೇಪು ಸುತ್ತಿದರೆ ನನ್ನ ಸೊಂಟಕ್ಕಿಂತ ಎಷ್ಟೋ ಕಮ್ಮಿ. ಮೈಯೆಲ್ಲ ಕಲ್ಲಿನಂಥ ಸ್ನಾಯು. ಸ್ನಾಯು ಯಾವುದು ಕೊಬ್ಬು ಯಾವುದು ಎಂದು ಆ ಲೆಕ್ಕಕ್ಕೆ ಗೊತ್ತಾಗುವುದಿಲ್ಲ. ಸಾಹೇಬರಿಗೂ ಗೊತ್ತಾಗಲಿಲ್ಲ. ರಾತ್ರಿ ಮುದ್ದೆ ಬಿಡು, ದಿನಾ ಸ್ವಲ್ಪ ನಡೆದಾಡು ಎಂದು ಅವನಿಗೆ ಬುದ್ಧಿ ಹೇಳಿದರು. ಅವನು ವಿನಯವಾಗಿ ಕೇಳಿಸಿಕೊಂಡು, ಹೊರಗೆ ಬಂದು, ಸಾಹೇಬರಿಗೆ ಆರಾಮ ಇಲ್ಲೇನ್ರೀ ಎಂದು ನನ್ನನ್ನು ಕೇಳಿದ.

ಅದೇ ವಾರ ಬಂದಳಿಕೆ ಕಡೆಯಿಂದ ಕೂಲಿಯ ಹೆಂಗಸೊಬ್ಬಳು ಬಂದಳು. ತಲೆಸುತ್ತು. ತೂಕ ಮೂವತ್ತೇಳು ಕಿಲೋ, ಪಟದಲ್ಲಿ ನೀಲಿಯ ತಳ. ಕಣ್ಣಿನ ರೆಪ್ಪೆ ಬಿಡಿಸಿದರೆ ಬಿಳಿಚಿಕೊಂಡಿತ್ತು. ರಕ್ತ ಪರೀಕ್ಷೆ ಮಾಡಿಸಿ ಮಾತ್ರೆ ಕೊಡಿಸಿದೆವು. ಇಂಥವರು ಬಹಳ ಬರುತ್ತಾರೆ, ಇವರಿಗೂ ಏನಾದರೂ ಕಾರ್ಯಕ್ರಮ ಇಟ್ಟುಕೊಳ್ಳೋಣವೇ ಎಂದು ಸಾಹೇಬರನ್ನು ಕೇಳಿದೆ. ಈ ವರ್ಷ ನೀಲಿಗೆ ಟಾರ್ಗೆಟ್ ಇಲ್ಲ ಎಂದರು.

ಟಾರ್ಗೆಟ್ ಇದ್ದದ್ದು ಕೆಂಪಿಗೆ. ಅದಕ್ಕಾಗಿ ಸಾಹೇಬರು ಒಂದು ಸ್ಪರ್ಧೆ ಹೂಡಿದರು. ಎಲ್ಲ ಇಲಾಖೆಗಳ ನೌಕರರೂ ಬಂದು ತೂಕ ನೋಡಿಸಿಕೊಳ್ಳಬೇಕು. ನಾಲ್ಕು ತಿಂಗಳಾದ ಮೇಲೆ ಮತ್ತೆ ನೋಡುವುದು. ಎಲ್ಲರಿಗಿಂತ ಹೆಚ್ಚು ಇಳಿಸಿದವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ನನ್ನ ಹೆಸರನ್ನೂ ಸೇರಿಸಿದರು, ನಮ್ಮವರೇ ಮಾದರಿಯಾಗಬೇಕು ಸಿಸ್ಟರ್ ಎಂದರು. ಶುರುವಾದದ್ದಕ್ಕೆ ಗುರುತಾಗಿ ಗುಡವಿಯ ಪಕ್ಷಿಧಾಮಕ್ಕೆ ಆರೋಗ್ಯ ನಡಿಗೆ ಏರ್ಪಾಡಾಯಿತು. ಜೀಪಿನಲ್ಲಿ ಹೋದೆವು. ಕೆರೆಯ ಏರಿಯ ಮೇಲೆ ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಳ್ಳುವಷ್ಟು ದೂರ ನಡೆದೆವು. ನಮ್ಮ ಗದ್ದಲಕ್ಕೆ ಮರದ ಮೇಲಿನ ಹಕ್ಕಿಗಳೆಲ್ಲ ಎದ್ದು ಹಾರಿದವು. ಆ ದಿನ ವ್ಯಾಯಾಮ ಆದದ್ದು ಅವಕ್ಕೇ. ನಾವು ಮಂಡಕ್ಕಿ, ಮಿರ್ಚಿ ತಿಂದು ಜೀಪು ಹತ್ತಿದೆವು.

ಆ ಸ್ಪರ್ಧೆಗೆ ಬಂದವರಲ್ಲಿ ಷಣ್ಮುಖಪ್ಪನವರು ಒಬ್ಬರು. ಜಮೀನು ಅಳೆಯುವ ಸರ್ವೇಯರ್. ವಯಸ್ಸು ಐವತ್ತರ ಹತ್ತಿರ, ಮಾತು ಜಾಸ್ತಿ, ಮನಸ್ಸು ಒಳ್ಳೆಯದು. ಅವರ ಹೆಂಡತಿ ಮಂಗಳಾ ನಮ್ಮ ಸೊರಬದ ಕಡೆಯವಳು, ನನ್ನ ತಂಗಿಯ ಜೊತೆ ಓದಿದವಳು, ಅದರಿಂದ ನಾನು ಅವಳಿಗೆ ಗಿರಿಜಕ್ಕ. ಷಣ್ಮುಖಪ್ಪನವರಿಗೆ ನಾನು ಬಿ.ಎಂ.ಐ. ಲೆಕ್ಕ ಬಿಡಿಸಿ ಹೇಳಿದಾಗ ಅವರಷ್ಟು ಬೇಗ ಯಾರೂ ಅರ್ಥ ಮಾಡಿಕೊಂಡಿರಲಿಲ್ಲ.

“ಅಂದ್ರೆ ಒಂದು ಚದರ ಮೀಟರಿಗೆ ಎಷ್ಟು ಕಿಲೋ ಇಳುವರಿ ಬಂತು ಅಂದಂಗಾತಲ್ರೀ ಸಿಸ್ಟರ್. ನಂದು ಒಳ್ಳೇ ನೀರಾವರಿ ಜಮೀನು ಬಿಡ್ರಿ” ಎಂದು ಹೊಟ್ಟೆ ಸವರಿಕೊಂಡು ನಕ್ಕರು.

ಎಪ್ಪತ್ತೆಂಟು ಕಿಲೋ ಇದ್ದರು. ಇಪ್ಪತ್ತೇಳೂವರೆಯ ಮೇಲೆ ಬಂತು, ಕೆಂಪು. ಸೊಂಟವೂ ತೊಂಬತ್ತು ಸೆಂಟಿಮೀಟರು ದಾಟಿತ್ತು. ಗಂಡಸರಿಗೆ ತೊಂಬತ್ತು, ಹೆಂಗಸರಿಗೆ ಎಂಬತ್ತು, ಅದರ ಮೇಲೆ ಹೋದರೆ ಎಚ್ಚರವಾಗಿರಬೇಕು ಎಂದು ಹೇಳಿದೆ. ಸಕ್ಕರೆ ಪರೀಕ್ಷೆಗೂ ಬೆರಳು ಕೊಡಿ ಎಂದೆ. ತಮ್ಮ ವಂಶದಲ್ಲೇ ಅದಿಲ್ಲ ಎಂದು ಬೆರಳು ಮಡಚಿಕೊಂಡು ಹೋದರು. ಸ್ಪರ್ಧೆ ತೂಕದ್ದು, ಸಕ್ಕರೆಯದ್ದಲ್ಲ, ಬಲವಂತ ಮಾಡಬೇಡಿ ಎಂದು ಸಾಹೇಬರೂ ದನಿಗೂಡಿಸಿದರು.

ನಾಲ್ಕು ತಿಂಗಳಾದ ಮೇಲೆ ಎಲ್ಲರೂ ಮತ್ತೆ ಬಂದರು. ಬಹಳ ಮಂದಿ ಚಪ್ಪಲಿ, ಬೆಲ್ಟು, ಪರ್ಸು, ಕೈಗಡಿಯಾರ ತೆಗೆದು ಒಂದರ್ಧ ಕಿಲೋ ಇಳಿಸಿದರು. ನಾನು ಒಂದು ಕಿಲೋ ಏರಿದ್ದೆ. ಷಣ್ಮುಖಪ್ಪನವರು ಒಳಗೆ ಬಂದಾಗ ಮೊದಲು ಗುರುತು ಸಿಗಲಿಲ್ಲ. ಕತ್ತಿನ ಹತ್ತಿರ ಅಂಗಿ ಜೋಲುತ್ತಿತ್ತು, ಕೆನ್ನೆ ಕುಸಿದಿತ್ತು. ಅರವತ್ತನಾಲ್ಕು ಕಿಲೋ. ಪಟದ ಮೇಲೆ ಬೆರಳಿಟ್ಟರೆ ಹಸಿರು. ಸಾಹೇಬರು ಚಪ್ಪಾಳೆ ತಟ್ಟಿದರು. ಇಷ್ಟು ಬೇಗ ಇಷ್ಟೊಂದು ಹೇಗೆ ಇಳಿಯಿತು ಎಂದು ನಾನು ಕೇಳಿದೆ. ದಿನಾ ಬೆಳಿಗ್ಗೆ ಜೀರಿಗೆ, ಮೆಂತ್ಯದ ನೀರು ಎಂದರು. ಊಟ ಎಂದೆ. ಊಟ ಮೊದಲಿಗಿಂತ ಜಾಸ್ತಿಯೇ, ಹಸಿವು ಚೆನ್ನಾಗಿದೆ ಎಂದರು. ಊಟ ಜಾಸ್ತಿ, ತೂಕ ಕಮ್ಮಿ ಅಂದರೆ ಒಂದು ಪರೀಕ್ಷೆ ಮಾಡಿಸುವುದು ಒಳ್ಳೆಯದು ಎಂದೆ. ಅವರು ಸಾಹೇಬರ ಮುಖ ನೋಡಿ ಕಣ್ಣು ಹೊಡೆದರು.

“ಸಿಸ್ಟರಿಗೆ ಒಂದು ಕಿಲೋ ಏರೈತೆ ಸರ್. ಹೊಟ್ಟೆಕಿಚ್ಚು ಇರೋದೇ.”

ಅದರಲ್ಲಿ ಸ್ವಲ್ಪ ನಿಜವೂ ಇತ್ತು, ಆದ್ದರಿಂದ ನಾನು ಅರವತ್ತನಾಲ್ಕು ಎಂದು ಬರೆದುಕೊಂಡು ಮುಂದಿನವರನ್ನು ಕರೆದೆ.

ಶಾಲು ಹೊದಿಸಿದರು, ಹಾರ ಹಾಕಿದರು. ಹಣ್ಣಿನ ಬುಟ್ಟಿಯ ಜೊತೆಗೆ ಒಂದು ಡಬ್ಬಿ ಪೇಡೆಯೂ ಬಂತು. ಅವರ ಫೋಟೋ ತೆಗೆಸಿ, ದೊಡ್ಡ ಫ್ಲೆಕ್ಸ್ ಮಾಡಿಸಿ, ‘ಇವರಿಂದ ಕಲಿಯಿರಿ’ ಎಂದು ಬರೆಸಿ, ನಮ್ಮ ವಿಭಾಗದ ಬಾಗಿಲ ಪಕ್ಕ ತೂಗುಹಾಕಿದರು. ಸಾಹೇಬರು ಅವರನ್ನು ಜೀಪಿನಲ್ಲಿ ಕೂರಿಸಿಕೊಂಡು ಊರೂರಿಗೆ ಕರೆದೊಯ್ದು ಭಾಷಣ ಮಾಡಿಸತೊಡಗಿದರು. ಜಮೀನಿನ ಹದ್ದುಬಸ್ತಿಗೆ ಕಾದು ಕುಳಿತ ರೈತರು ಫೋನ್ ಮಾಡಿದರೆ ಸರ್ವೇಯರ್ ಸಾಹೇಬರು ಜೀರಿಗೆ ನೀರಿನ ವಿಷಯ ಮಾತಾಡಲು ಹೋಗಿದ್ದಾರೆ ಎಂದು ಉತ್ತರ ಬರುತ್ತಿತ್ತು. ಆ ಕಾಲದಲ್ಲಿ ಅಂಗಡಿಗಳಲ್ಲಿ ಜೀರಿಗೆ ಸಿಗುವುದೇ ಕಷ್ಟವಾಯಿತು.

ಒಂದು ದಿನ ಮಂಗಳಾ ಒಬ್ಬಳೇ ನನ್ನ ಮನೆಗೆ ಬಂದಳು. ಗಂಡನಿಗೆ ಸನ್ಮಾನವಾಗಿದೆ, ಸಿಹಿ ತಂದಿರಬೇಕು ಎಂದುಕೊಂಡೆ. ಅವಳ ಕೈ ಖಾಲಿ ಇತ್ತು. ಕುಳಿತವಳು ಬಹಳ ಹೊತ್ತು ಬೇರೆ ಮಾತಾಡಿ, ಆಮೇಲೆ ತಲೆ ತಗ್ಗಿಸಿ ಹೇಳಿದಳು.

“ಗಿರಿಜಕ್ಕ, ನಂಗೆ ಎಂತಕ್ಕೋ ಇದು ಸರಿ ಕಾಣ್ತಾ ಇಲ್ಲ. ರಾತ್ರಿಯಿಡೀ ಎದ್ದೆದ್ದು ಹೋಗ್ತಾರೆ. ಕೊಡಗಟ್ಟಲೆ ನೀರು ಕುಡೀತಾರೆ. ಬಚ್ಚಲಲ್ಲಿ ಅವರು ಹೋಗಿ ಬಂದ ಕಡೆ ಇರುವೆ ಹತ್ತಿರ್ತದೆ. ಹೇಳಿದ್ರೆ, ಕೊಬ್ಬು ಕರಗಿ ಹೋಗ್ತಾ ಇದೆ ಅಂತಾರೆ.”

ಇರುವೆಯ ಮಾತು ಕೇಳಿದ ಮೇಲೆ ನನಗೆ ಬೇರೆ ಏನೂ ಕೇಳಬೇಕೆನಿಸಲಿಲ್ಲ. ಮರುದಿನ ಷಣ್ಮುಖಪ್ಪನವರನ್ನು ಭಾಷಣದ ತಯಾರಿಯ ನೆಪ ಹೇಳಿ ಆಸ್ಪತ್ರೆಗೆ ಕರೆಸಿ, ನಮ್ಮಲ್ಲಿ ಆಗ ಹೊಸದಾಗಿ ಬಂದಿದ್ದ ಲೇಡಿ ಡಾಕ್ಟರ ಎದುರು ಕೂರಿಸಿದೆ. ಬೆರಳು ಚುಚ್ಚಿದರೆ ಸಕ್ಕರೆ ನಾನೂರು ದಾಟಿತ್ತು. ಡಾಕ್ಟರು ಚಿಕ್ಕ ವಯಸ್ಸಿನವರು, ಮಾತು ಮೆದು, ಸುತ್ತಿ ಬಳಸಿ ಹೇಳುವ ಅಭ್ಯಾಸವಿಲ್ಲ.

“ನೀವು ತೂಕ ಇಳಿಸಿದ್ದಲ್ಲ ಸರ್, ಅದು ಸೋರಿ ಹೋಗಿದ್ದು. ತಿಂದದ್ದು ಮೈಗೆ ಹತ್ತದೆ ಸಕ್ಕರೆಯಾಗಿ ಹೊರಗೆ ಹೋಗ್ತಿದೆ. ಮೈ ತನ್ನನ್ನೇ ತಿಂದುಕೊಳ್ತಿದೆ.”

ದಿನಾ ಬೆಳಿಗ್ಗೆ ಒಂದು ಇನ್ಸುಲಿನ್ ಇಂಜೆಕ್ಷನ್, ಜೊತೆಗೆ ಮಾತ್ರೆ, ವಾರ ಬಿಟ್ಟು ಮತ್ತೆ ಪರೀಕ್ಷೆ ಎಂದು ಹೇಳಿದರು. ಷಣ್ಮುಖಪ್ಪನವರು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. ಇದರಿಂದ ತೂಕ ಏರುತ್ತದೆಯೇ? ಡಾಕ್ಟರು ಸುಳ್ಳು ಹೇಳಲಿಲ್ಲ. ಕಳೆದುಕೊಂಡದ್ದರಲ್ಲಿ ಸ್ವಲ್ಪ ವಾಪಸು ಬರುತ್ತದೆ, ಬರಬೇಕು, ಬಂದರೆ ಔಷಧಿ ಕೆಲಸ ಮಾಡಿತು ಎಂದು ಅರ್ಥ ಎಂದರು. ಷಣ್ಮುಖಪ್ಪನವರ ಮುಖ ಸಪ್ಪಗಾಯಿತು. ಕಾಯಿಲೆ ಇದೆ ಎಂದಾಗ ಅಷ್ಟು ಸಪ್ಪಗಾಗಿರಲಿಲ್ಲ.

ನಾನು ಸಾಹೇಬರ ಕೋಣೆಗೆ ಹೋಗಿ ವಿಷಯ ತಿಳಿಸಿದೆ. ಫ್ಲೆಕ್ಸ್ ತೆಗೆಸಬೇಕು, ಭಾಷಣ ನಿಲ್ಲಿಸಬೇಕು ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. ಮುಂದಿನ ತಿಂಗಳು ಆನವಟ್ಟಿಯಲ್ಲಿ ಮಹಿಳಾ ಸ್ವಸಹಾಯ ಸಂಘದವರ ದೊಡ್ಡ ಸಮಾವೇಶ, ಮೇಲಿನಿಂದ ಅಧಿಕಾರಿಗಳು ಬರುತ್ತಾರೆ, ಷಣ್ಮುಖಪ್ಪನವರನ್ನು ವೇದಿಕೆಯ ಮೇಲೇ ತೂಗಿ ತೋರಿಸುವುದೆಂದು ಕಾರ್ಯಕ್ರಮ ಅಚ್ಚಾಗಿದೆ ಎಂದರು.

“ಔಷಧಿ ಮನೇಲಿ ತಗೊಳ್ಳಲಿ ಸಿಸ್ಟರ್, ಬೇಡ ಅಂದವರು ಯಾರು? ಸ್ಟೇಜ್ ಮೇಲೆ ಯಾಕೆ ಹೇಳಬೇಕು?”

ಅವರಿಗೆ ಕೆಟ್ಟ ಮನಸ್ಸಿತ್ತು ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ಕಾರ್ಯಕ್ರಮವೊಂದು ಅಚ್ಚಾದ ಮೇಲೆ ಅದರೊಳಗಿರುವವನು ಮನುಷ್ಯ ಎಂಬುದು ಅವರಿಗೆ ಮರೆತುಹೋಗುತ್ತಿತ್ತು, ಅಷ್ಟೇ.

ವಾರ ಬಿಟ್ಟು ಷಣ್ಮುಖಪ್ಪನವರು ಪರೀಕ್ಷೆಗೆ ಬರಲಿಲ್ಲ. ಫೋನ್ ಮಾಡಿದೆ. ಜಮೀನು ಪಾಲು ಮಾಡಿ ಅಳೆಯುವ ಪೋಡಿ ಕೆಲಸ ಬಾಕಿ ಬಿದ್ದಿದೆ, ಹೊಲದಲ್ಲಿದ್ದೇನೆ ಎಂದರು. ಇಂಜೆಕ್ಷನ್ ಎಂದು ಕೇಳಿದೆ. ದಿನಾ ಬೆಳಿಗ್ಗೆ ಮಂಗಳಾನೇ ಚುಚ್ಚುತ್ತಾಳೆ, ಅವಳ ಕೈ ನಿಮ್ಮ ಕೈಗಿಂತ ಹಗುರ ಎಂದು ನಕ್ಕರು. ಹೆಂಡತಿ ನೋಡಿಕೊಳ್ಳುತ್ತಿದ್ದಾಳೆ ಎಂದು ನನಗೆ ಸಮಾಧಾನವಾಯಿತು.

ಆನವಟ್ಟಿಯ ಸಮಾವೇಶದ ದಿನ ಸಭಾಂಗಣ ಕಿಕ್ಕಿರಿದಿತ್ತು. ಸುತ್ತಲ ಹಳ್ಳಿಗಳಿಂದ ಬಸ್ಸಿನಲ್ಲಿ, ಬೈಕಿನಲ್ಲಿ ಹೆಂಗಸರು ಬಂದಿದ್ದರು. ಒಂದೇ ಬಣ್ಣದ ಸೀರೆಯ ಸಾಲುಗಳು. ವೇದಿಕೆಯ ನಡುವೆ, ದೀಪದ ಕಂಬದ ಪಕ್ಕ, ತೂಕದ ಯಂತ್ರಕ್ಕೆ ಹೂವು ಮುಡಿಸಿ ಇಟ್ಟಿದ್ದರು. ನಾನು, ಲೇಡಿ ಡಾಕ್ಟರು ಮುಂದಿನ ಸಾಲಿನಲ್ಲಿದ್ದೆವು. ಮಂಗಳಾ ಬಂದು ನನ್ನ ಪಕ್ಕ ಕುಳಿತಳು. ಷಣ್ಮುಖಪ್ಪನವರು ವೇದಿಕೆಯ ಮೇಲೆ ಕುರ್ಚಿಗೆ ಒರಗಿ ಕುಳಿತು ಒಂದಾದ ಮೇಲೊಂದು ನೀರಿನ ಬಾಟಲಿ ಖಾಲಿ ಮಾಡುತ್ತಿದ್ದರು. ಅತಿಥಿಗಳ ಮುಂದಿಟ್ಟ ಬಾಟಲಿಗೂ ಕೈ ಹಾಕಿದರು.

ಮಂಗಳಾ ನನ್ನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಕೇಳಿದಳು.

“ಗಿರಿಜಕ್ಕ, ನೀವು ದಿನಾ ಬೆಳಿಗ್ಗೆ ಇಂಜೆಕ್ಷನ್ ಕೊಡ್ತಾ ಇದ್ದೀರಲ್ಲ, ಆದ್ರೂ ಇವರು ಎಂತಕ್ಕೆ ಹಿಂಗೆ?”

“ನಾನಾ? ನೀನು ಮನೇಲಿ ಚುಚ್ತಾ ಇದ್ದೀಯ ಅಂದ್ರು.”

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆಫೀಸಿಗೆ ಹೋಗುವ ದಾರಿಯಲ್ಲಿ ಆಸ್ಪತ್ರೆಯಲ್ಲೇ ಚುಚ್ಚಿಸಿಕೊಳ್ಳುತ್ತೇನೆ ಎಂದು ಅವಳಿಗೆ ಹೇಳಿದ್ದರಂತೆ. ಅವರ ಮೈಗೆ ಒಂದು ದಿನವೂ ಔಷಧಿ ಹೋಗಿರಲಿಲ್ಲ. ಮಾತ್ರೆಯನ್ನೂ ನುಂಗಿರಲಿಲ್ಲ ಎಂದು ಆಮೇಲೆ ತಿಳಿಯಿತು.

ಅಷ್ಟರಲ್ಲಿ ಸಾಹೇಬರು ಅವರನ್ನು ಯಂತ್ರದ ಮೇಲೆ ನಿಲ್ಲಿಸಿದ್ದರು. ಐವತ್ತೆಂಟು ಕಿಲೋ ಎಂದು ಮೈಕಿನಲ್ಲಿ ಸಾರಿದರು. ಇನ್ನೂ ಹಸಿರೇ ಎಂದರು. ಅದೇನೋ ನಿಜ. ಪಟದ ಪ್ರಕಾರ ಆ ಹೊತ್ತಿಗೆ ಇಡೀ ವೇದಿಕೆಯ ಮೇಲೆ ಅವರಷ್ಟು ಆರೋಗ್ಯವಂತರು ಬೇರೆ ಯಾರೂ ಇರಲಿಲ್ಲ. ಸಭೆ ಚಪ್ಪಾಳೆ ತಟ್ಟಿತು. ಷಣ್ಮುಖಪ್ಪನವರು ಮೈಕಿನ ಮುಂದೆ ನಿಂತು ಜೀರಿಗೆ ಎಂಬಷ್ಟು ಹೇಳಿದರು. ಮುಂದಿನ ಮಾತು ತೊದಲಿತು. ಮೈಕಿನ ಕಂಬ ಹಿಡಿದುಕೊಂಡರು, ಕಂಬದ ಜೊತೆಗೇ ಕೆಳಗೆ ಕುಳಿತರು.

ಅದು ಬರೀ ಸುಸ್ತು ಎಂದು ಸಾಹೇಬರು ಸಭೆಗೆ ಸಮಾಧಾನ ಹೇಳಿ ಪ್ರಾರ್ಥನೆಯ ಹುಡುಗಿಯರನ್ನು ಇನ್ನೊಂದು ಹಾಡಿಗೆ ಕರೆದರು. ಮಂಗಳಾ ಎದ್ದಳು. ಅವಳು ನಾಲ್ಕು ಜನರ ಮುಂದೆ ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಮೆಟ್ಟಿಲು ಹತ್ತಿ ಹೋಗಿ ಬಿದ್ದಿದ್ದ ಮೈಕನ್ನು ಎತ್ತಿಕೊಂಡಳು.

“ಯಾರೂ ಚಪ್ಪಾಳೆ ಹೊಡೀಬೇಡಿ. ಇವರು ನಮ್ಮ ಯಜಮಾನರು. ಇವರಿಗೆ ಸಕ್ಕರೆ ಕಾಯಿಲೆ ಇದೆ. ತೂಕ ಏರ್ತದೆ, ಮರ್ಯಾದೆ ಹೋಗ್ತದೆ ಅಂತ ಔಷಧಿ ತಗೊಂಡಿಲ್ಲ. ಜೀರಿಗೆ ನೀರು ಕುಡ್ದು ಇಳಿದದ್ದಲ್ಲ ಇದು. ಮನೇಲಿ ಯಾರಾದ್ರೂ ಸುಮ್ಮನೆ ಇಳೀತಾ ಇದ್ರೆ ಹಾರ ಹಾಕಬೇಡಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ.”

ಅಷ್ಟು ಹೇಳಿ ಮೈಕನ್ನು ಸಾಹೇಬರ ಕೈಗೇ ಕೊಟ್ಟಳು. ಡಾಕ್ಟರೂ ನಾನೂ ಅಷ್ಟರಲ್ಲಿ ವೇದಿಕೆಯ ಮೇಲಿದ್ದೆವು. ಬೆರಳು ಚುಚ್ಚಿದರೆ ಸಕ್ಕರೆ ಅಳೆಯುವ ಯಂತ್ರ ಸಂಖ್ಯೆ ತೋರಿಸಲೇ ಇಲ್ಲ. ತನ್ನ ಅಳತೆ ಮೀರಿದಾಗ ಅದು ಹಾಗೆ ಮಾಡುತ್ತದೆ. ಆಂಬುಲೆನ್ಸ್ ಬರಲು ಹೊತ್ತಾಗುತ್ತದೆಂದು ಸಾಹೇಬರ ಜೀಪಿನಲ್ಲೇ ಮಲಗಿಸಿದೆವು. ಮುಂದೆ ಆರೋಗ್ಯಕರ ತೂಕ ಅಭಿಯಾನ ಎಂಬ ಬ್ಯಾನರು ಪಟಪಟ ಬಡಿಯುತ್ತಿತ್ತು, ಒಳಗೆ ನಾನು ಸಲೈನ್ ಬಾಟಲಿ ಎತ್ತಿ ಹಿಡಿದು ಕುಳಿತಿದ್ದೆ. ಡಾಕ್ಟರು ದಾರಿಯುದ್ದಕ್ಕೂ ಅವರ ಹೆಸರು ಹಿಡಿದು ಕರೆಯುತ್ತಿದ್ದರು. ಮೊದಮೊದಲು ಹೂಂಗುಟ್ಟುತ್ತಿದ್ದವರು ಆಮೇಲೆ ಅದನ್ನೂ ನಿಲ್ಲಿಸಿದರು. ಮಂಗಳಾ ಗಂಡನ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ಅಳಲಿಲ್ಲ. ನಾನಂತೂ ಆ ದಿನ ಅವರು ಉಳಿಯುತ್ತಾರೆ ಎಂದುಕೊಂಡಿರಲಿಲ್ಲ.

ಶಿವಮೊಗ್ಗದ ದೊಡ್ಡ ಆಸ್ಪತ್ರೆಯಲ್ಲಿ ಕೆಲವು ದಿನ ತೀವ್ರ ನಿಗಾದಲ್ಲಿದ್ದು ಉಳಿದುಕೊಂಡರು. ಅವರನ್ನು ನೋಡಲು ನಾನು ಹೋದಾಗ ಮಂಗಳಾ ಹೊರಗಿದ್ದಳು. ಅವರು ನನ್ನ ಮುಖ ನೋಡದೆ ಹೇಳಿದರು, ಊರೆಲ್ಲ ಶಹಬಾಸ್ ಅಂದಿದ್ದರು ಸಿಸ್ಟರ್, ಮತ್ತೆ ಹೊಟ್ಟೆ ಬಂದರೆ ಮುಖ ಹೆಂಗೆ ತೋರಿಸೋದು ಅನ್ನಿಸಿತ್ತು ಎಂದು. ಗದರಬೇಕೆಂದೇ ಹೋಗಿದ್ದೆ. ಆದರೆ ದಪ್ಪಗಿರುವವರಿಗೆ ಊರು ಅನ್ನುವ ಮಾತುಗಳನ್ನು ನಾನೂ ಕೇಳಿದವಳೇ. ಮೂಸಂಬಿ ಸುಲಿಯಲು ಹೋಗಿ, ಅವರಿಗೆ ಅದು ಬೇಡವೆಂದು ನೆನಪಾಗಿ, ನಾನೇ ತಿಂದೆ. ಅವರು ನಕ್ಕರು.

ಇಷ್ಟಾದ ಮೇಲೆ ಸಾಹೇಬರಿಗೆ ಏನಾಯಿತು ಎಂದು ಆ ಹುಡುಗಿಯರು ಆಸೆಯಿಂದ ಕೇಳಬಹುದು. ಏನೂ ಆಗಲಿಲ್ಲ. ಆ ವರ್ಷ ನೌಕರರು ಒಟ್ಟು ಇಳಿಸಿದ ತೂಕದ ಲೆಕ್ಕ ಮೇಲಕ್ಕೆ ಹೋಯಿತು, ಮೆಚ್ಚುಗೆಯ ಮಾತು ಕೆಳಕ್ಕೆ ಬಂತು. ಆ ತೂಕದಲ್ಲಿ ಷಣ್ಮುಖಪ್ಪನವರ ಪಾಲೇ ದೊಡ್ಡದು.

ಕೆಲಸಕ್ಕೆ ಬರುವವರಿಗೆ ನಾನು ಹೇಳುವುದಿಷ್ಟು. ಚಪ್ಪಲಿ ಬಿಡಿಸಿ ತೂಕ ನೋಡಿ, ಬೆನ್ನು ಗೋಡೆಗೆ ತಾಗಿಸಿ ಎತ್ತರ ನೋಡಿ, ಸೊಂಟಕ್ಕೆ ಟೇಪು ಸುತ್ತುವುದನ್ನು ಸಂಕೋಚಕ್ಕೆ ಬಿಡಬೇಡಿ. ಬಸುರಿಯನ್ನು ಈ ಪಟದ ಮುಂದೆ ನಿಲ್ಲಿಸಲೇಬೇಡಿ. ಕಾಲು ಊದಿಕೊಂಡವರ ತೂಕ ನೀರಿನದ್ದೂ ಇರಬಹುದು. ಇಳಿದು ಬಂದವರನ್ನು ಹೊಗಳುವ ಮೊದಲು, ಬೇಕೆಂದು ಇಳಿಸಿದಿರೋ ತಾನಾಗಿ ಇಳಿಯಿತೋ ಎಂದು ಕೇಳಿ. ಏರಿ ಬಂದವರನ್ನು ಬೈಯುವ ಮೊದಲು ಕುಳಿತುಕೊಳ್ಳಲು ಕುರ್ಚಿ ಕೊಡಿ. ಬೈಸಿಕೊಂಡವರು ಸಣ್ಣಗಾದದ್ದನ್ನು ನಾನು ಕಂಡಿಲ್ಲ, ಆಸ್ಪತ್ರೆಗೆ ಬರುವುದನ್ನು ಬಿಟ್ಟದ್ದನ್ನು ಕಂಡಿದ್ದೇನೆ. ನನ್ನ ಮೊಣಕಾಲು ನೋವು ಹೆಚ್ಚಾದಾಗ ಲೇಡಿ ಡಾಕ್ಟರು ಬೈಯದೆ, ಸಂಜೆಯ ಊಟ ಸ್ವಲ್ಪ ಬೇಗ, ಅನ್ನ ಸ್ವಲ್ಪ ಕಮ್ಮಿ, ಕೆರೆಯವರೆಗೆ ನಡಿಗೆ ಎಂದರು. ಎರಡು ವರ್ಷಕ್ಕೆ ಐದು ಕಿಲೋ ಇಳಿದಿದ್ದೇನೆ. ಯಾರೂ ಶಾಲು ಹೊದಿಸಿಲ್ಲ, ಮೊಣಕಾಲು ಮಾತ್ರ ಉಪಕಾರ ನೆನೆಯುತ್ತದೆ.

ಷಣ್ಮುಖಪ್ಪನವರು ಇಂಜೆಕ್ಷನ್ ತೆಗೆದುಕೊಳ್ಳುತ್ತಾ ಮೆಲ್ಲಗೆ ಎಪ್ಪತ್ತು ಕಿಲೋಗೆ ಬಂದರು. ಪಟದಲ್ಲಿ ಹಳದಿ. ಸಕ್ಕರೆ ಹತೋಟಿಯಲ್ಲಿತ್ತು, ಮುಖಕ್ಕೆ ಕಳೆ ಬಂದಿತ್ತು. ಇನ್ನೆರಡು ಮೂರು ಕಿಲೋ ನಿಧಾನವಾಗಿ, ನಡೆದು ಇಳಿಸಿ, ಆದರೆ ಅವಸರವಿಲ್ಲ ಎಂದು ಡಾಕ್ಟರು ಹೇಳಿದ್ದರು. ತಮ್ಮ ಫ್ಲೆಕ್ಸ್ ತೆಗೆಸಿರಿ ಎಂದು ಷಣ್ಮುಖಪ್ಪನವರು ಸಾಹೇಬರನ್ನು ಹಲವು ಸಲ ಕೇಳಿಕೊಂಡರು. ಅದರ ಬಿಲ್ಲು ಇನ್ನೂ ಪಾಸಾಗಿಲ್ಲ, ಪಾಸಾಗುವವರೆಗೆ ತೆಗೆಯುವಂತಿಲ್ಲ ಎಂದು ಉತ್ತರ ಬಂತು. ಕೊನೆಗೆ ಅವರು ಬೇರೆ ದಾರಿ ಹಿಡಿದರು. ನಮ್ಮ ವಿಭಾಗ ನಡೆಯುವ ದಿನಗಳಲ್ಲಿ ಬಿಡುವು ಮಾಡಿಕೊಂಡು ಬಂದು, ಸರತಿಯಲ್ಲಿ ಕುಳಿತವರ ನಡುವೆ ಕುಳಿತು, ತಮ್ಮ ಕಥೆ ಹೇಳತೊಡಗಿದರು. ಮೊದಲಿನ ಭಾಷಣಕ್ಕಿಂತ ಇದು ಚೆನ್ನಾಗಿತ್ತು.

ನಾನು ಕೆಲಸದಲ್ಲಿದ್ದ ಕೊನೆಯ ವಾರ ಒಬ್ಬ ಮುದುಕಿ ಬಂದಿದ್ದಳು. ತನ್ನ ಸರತಿಗೆ ಕಾಯುತ್ತಾ ಫ್ಲೆಕ್ಸಿನ ಹತ್ತಿರ ಹೋಗಿ, ಜೋಲುವ ಅಂಗಿಯ, ಕುಸಿದ ಕೆನ್ನೆಯ, ಹಾರ ಹಾಕಿಕೊಂಡ ಆ ಮನುಷ್ಯನನ್ನು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಷಣ್ಮುಖಪ್ಪನವರ ಕಡೆ ತಿರುಗಿದಳು.

“ಪಾಪ, ಏನಾಗಿತ್ತಪ್ಪ ಇವರಿಗೆ?”

ಷಣ್ಮುಖಪ್ಪನವರು ಎದ್ದು ಅವಳಿಗೆ ಜಾಗ ಬಿಟ್ಟುಕೊಟ್ಟರು.

“ಬಹುಮಾನ ಬಂದಿತ್ತಮ್ಮ.”